ಸಹಾಯ ಬೇಕು: ಕರು ಹುಟ್ಟಿ ಮೂರು ದಿನ, ಇನ್ನೂ ಸಗಣಿ ಹಾಕಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಮೊನ್ನೆ ಬೆಳಗಿನ ಜಾವ ಹೆಣ್ಣು ಕರು ಹಾಕಿತು. ಹುಟ್ಟಿದ ಅರ್ಧ ಗಂಟೆಗೆ ಎದ್ದು ನಿಂತು ಗಿಣ್ಣು ಹಾಲು ಚೆನ್ನಾಗಿಯೇ ಕುಡಿಯಿತು. ನಿನ್ನೆಯಿಂದ ಬಾಯಿ ಹಾಕುತ್ತಿಲ್ಲ. ಹೊಟ್ಟೆ ಎರಡೂ ಕಡೆ ಉಬ್ಬಿದೆ. ಬಾಲ ಎತ್ತಿ ತಿಣುಕುತ್ತದೆ, ಪಾಪ, ಏನೂ ಬರುವುದಿಲ್ಲ.

ಗುದದ್ವಾರ ಸರಿಯಾಗಿಯೇ ಇದೆ. ಆದರೆ ಥರ್ಮಾಮೀಟರ್ ಹಾಕಿ ತೆಗೆದರೆ ಬಿಳಿ ಲೋಳೆ ಮಾತ್ರ, ಸಗಣಿಯ ಗುರುತೇ ಇಲ್ಲ. ನೋಡಿದ ಡಾಕ್ಟರು ದೊಡ್ಡ ಕರುಳು ಹುಟ್ಟಿನಿಂದಲೇ ಒಳಗೆ ಮುಚ್ಚಿಕೊಂಡಿರಬಹುದು, ಎನಿಮಾದಿಂದ ಪ್ರಯೋಜನವಿಲ್ಲ, ಆಪರೇಷನ್ ಒಂದೇ ದಾರಿ ಎಂದರು. ಗುದದ್ವಾರಕ್ಕೆ ಬರೀ ಚರ್ಮ ಮುಚ್ಚಿದ್ದರೆ ಕೊಟ್ಟಿಗೆಯಲ್ಲೇ ಕೊಯ್ದು ಬಿಡುತ್ತಿದ್ದರಂತೆ.

ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಈಗಲೇ ಒಯ್ಯೋಣ ಅಂತಿದ್ದೇವೆ. ಯಾರಾದರೂ ಇಂಥ ಕರುವಿಗೆ ಆಪರೇಷನ್ ಮಾಡಿಸಿದ್ದೀರಾ? ಪಕ್ಕೆಯಲ್ಲಿ ತೂತು ಮಾಡಿ ಕರುಳು ಹೊರಗೆ ತರುತ್ತಾರಂತೆ. ಆಮೇಲೆ ಬದುಕಿತಾ? ಎಷ್ಟು ಖರ್ಚಾಯಿತು? ದಾರಿಯಲ್ಲಿ ಹಾಲು ಕುಡಿಸಬಹುದಾ?

ಇನ್ನೊಂದು ವಿಷಯ. ಈ ಹಸುವಿಗೆ ಗಬ್ಬ ಕಟ್ಟಿದ ನಲವತ್ತು ದಿನಕ್ಕೇ ಗುದದೊಳಗೆ ಕೈ ಹಾಕಿ ಗಬ್ಬ ನೋಡಿಸಿದ್ದೆವು. ಅದರಿಂದಲೂ ಹೀಗಾಗುತ್ತದೆ ಅಂತಾರೆ, ನಿಜವಾ? ಸುಮ್ನೆ ಧೈರ್ಯ ಹೇಳಬೇಡಿ, ಉಳಿಯುವ ಹಾಗಿಲ್ಲ ಅಂದರೆ ಅದನ್ನೇ ಹೇಳಿ.