ವೃದ್ಧಾಶ್ರಮದ ಗೋಡೆಯ ಮೇಲಿನ ನೋಂದಣಿ ಪತ್ರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮುಳಬಾಗಿಲಿನವರು

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ಎಪ್ಪತ್ತೆಂಟು ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ಎರಡು ಹೊತ್ತು ಇನ್ಸುಲಿನ್ ಬೇಕು. ನಾನೂ ನನ್ನ ಪತ್ನಿಯೂ ಬೆಂಗಳೂರಿನಲ್ಲಿ ಕೆಲಸ ಮಾಡುವವರಾದ್ದರಿಂದ ಹಗಲೆಲ್ಲ ಅವರೊಬ್ಬರನ್ನೇ ಬಿಡುವ ಧೈರ್ಯವಿಲ್ಲದೆ, ಊರಿಗೂ ನೆಂಟರಿಗೂ ಹತ್ತಿರವಾಗಲೆಂದು ಕೋಲಾರದ ಸುತ್ತಮುತ್ತ ಹಣ ಪಡೆದು ನಡೆಸುವ ಕೆಲವು ವೃದ್ಧಾಶ್ರಮಗಳನ್ನು ನೋಡಿದೆವು. ತಾಯಿಯೂ ಒಪ್ಪಿದ್ದಾರೆ. ಹೋದಲ್ಲೆಲ್ಲ ಕಚೇರಿಯ ಗೋಡೆಗೆ ಹಾಕಿದ ‘ಸರ್ಕಾರಿ ನೋಂದಣಿ’ ಪತ್ರವನ್ನು ತೋರಿಸುತ್ತಾರೆ. ಅದು ಆರೈಕೆಯ ಗುಣಮಟ್ಟಕ್ಕೆ ಖಾತರಿಯೇ? ಅಲ್ಲವಾದರೆ ನಮ್ಮಂಥವರು ಏನನ್ನು ಪರೀಕ್ಷಿಸಿ ನಿರ್ಧರಿಸಬೇಕು?

ಉತ್ತರ: ವಕೀಲರು, ತುಮಕೂರು

ಸರ್, ಆ ಪತ್ರವನ್ನು ಒಮ್ಮೆ ಹತ್ತಿರದಿಂದ ಓದಿ. ಬಹುಮಟ್ಟಿಗೆ ಅದು ಟ್ರಸ್ಟ್‌ನ ನೋಂದಣಿಯಾಗಿರುತ್ತದೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಸಂಘಕ್ಕೆ ಸಿಕ್ಕ ಪ್ರಮಾಣಪತ್ರವಾಗಿರುತ್ತದೆ. ಅಂಥದೊಂದು ಸಂಸ್ಥೆ ಇದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಒಳಗಿನ ಹಾಸಿಗೆ, ಅಡುಗೆಮನೆ, ಸಿಬ್ಬಂದಿಯನ್ನು ಯಾರೋ ಪರಿಶೀಲಿಸಿದ್ದಾರೆ ಎಂದು ಅದರಿಂದ ತಿಳಿಯುವಂತಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ, 2007ರ 19ನೇ ಕಲಮು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡಬಲ್ಲ ವೃದ್ಧಾಶ್ರಮದ ಬಗ್ಗೆ ಹೇಳುತ್ತದೆ. ಆದರೆ ನೀವು ನೋಡುತ್ತಿರುವುದು ಹಣ ಪಡೆಯುವ ಖಾಸಗಿ ಆಶ್ರಮಗಳನ್ನು. ಇಂಥ ಆರೈಕೆ ಕೇಂದ್ರಗಳಿಗೂ ನೋಂದಣಿ ಮತ್ತು ಕನಿಷ್ಠ ಮಾನದಂಡಗಳನ್ನು ತರಬೇಕೆಂಬ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿತ್ತು. ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಅಂಗೀಕಾರವಾಗಲಿಲ್ಲ. ‘ನಮ್ಮಲ್ಲೇ ವೈದ್ಯರಿದ್ದಾರೆ, ದಾಖಲಿಸಿಕೊಂಡು ಚಿಕಿತ್ಸೆ ಕೊಡುತ್ತೇವೆ’ ಎನ್ನುವವರಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ನೋಂದಣಿ ಇದೆಯೇ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ಉತ್ತರ: ನಿವೃತ್ತ ಶುಶ್ರೂಷಕಿ, ಕೋಲಾರ

ಕಾಗದದ ವಿಷಯವನ್ನು ವಕೀಲರು ಹೇಳಿದ್ದಾರೆ. ನಾನು ನೋಡುವುದು ರಾತ್ರಿಯನ್ನು. ಹಗಲಿನಲ್ಲಿ ಎಲ್ಲ ಆಶ್ರಮವೂ ಚೊಕ್ಕಟವಾಗಿಯೇ ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಾಗಿರುತ್ತಾರೆ, ಅವರಲ್ಲಿ ತರಬೇತಿ ಪಡೆದವರು ಯಾರು, ಇರುವ ಒಬ್ಬ ಆಯಾ ರಜೆ ಹಾಕಿದರೆ ಯಾರು ಬರುತ್ತಾರೆ ಎಂದು ಕೇಳಿ, ಸಾಧ್ಯವಾದರೆ ರಾತ್ರಿ ಊಟದ ನಂತರವೂ ಒಮ್ಮೆ ಹೋಗಿ ಬನ್ನಿ. ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಕೀಲಿಯನ್ನು ಕಾವಲುಗಾರನ ಜೇಬಿನಲ್ಲಿಡುವ ಪದ್ಧತಿ ಕಂಡರೆ, ಅಗ್ನಿಶಾಮಕ ಸಿಲಿಂಡರ್ ಎಷ್ಟಿದ್ದರೂ ಆ ಜಾಗ ಬೇಡ.

ನಿಮ್ಮ ತಾಯಿಯವರಿಗೆ ಎರಡನೆಯ ಸಲ ಬೀಳುವುದೇ ದೊಡ್ಡ ಅಪಾಯ. ಆದ್ದರಿಂದ ಬಚ್ಚಲುಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕಮೋಡಿನ ಪಕ್ಕದ ಹಿಡಿಕೆಯನ್ನು ನೀವೇ ಜಗ್ಗಿ ನೋಡಿ; ಟೈಲ್ಸ್‌ಗೆ ಅಂಟಿಸಿದ್ದಷ್ಟೇ ಆಗಿದ್ದರೆ ಕೈಗೆ ಬಂದುಬಿಡುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲದಿದ್ದರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ವಾಕರ್ ಸಮೇತ ಒಳಗೆ ಹೋಗಲು ಅಗಲ ಸಾಕೇ, ಹೊಸ್ತಿಲು ಎತ್ತರವಿದೆಯೇ, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ದೀಪ ಉರಿಯುತ್ತದೆಯೇ ಎಂಬುದನ್ನೂ ಗಮನಿಸಿ.

ಇನ್ಸುಲಿನ್ ವಿಷಯದಲ್ಲಿ ‘ನಾವೇ ಹಾಕುತ್ತೇವೆ’ ಎಂಬ ಮಾತು ಸಾಲದು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗಳೂ 100 ಯೂನಿಟ್‌ನವೂ ಬಳಕೆಯಲ್ಲಿವೆ; ಒಂದರ ಸಿರಿಂಜಿನಲ್ಲಿ ಇನ್ನೊಂದರ ಔಷಧಿ ಎಳೆದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಈ ವ್ಯತ್ಯಾಸ ಗೊತ್ತಿರುವವರೇ ಚುಚ್ಚುತ್ತಾರೆಯೇ, ಊಟ ತಡವಾದ ದಿನ ಏನು ಮಾಡುತ್ತಾರೆ, ಸಕ್ಕರೆ ಅಂಶ 70ಕ್ಕಿಂತ ಇಳಿದರೆ ರಾತ್ರಿ ಯಾರಿಗೆ ಫೋನ್ ಹೋಗುತ್ತದೆ ಎಂದು ಕೇಳಿ. ಪ್ರತಿಯೊಬ್ಬರ ಔಷಧಿಗೂ ಸಮಯ, ಪ್ರಮಾಣ, ಸಹಿ ಇರುವ ಪುಸ್ತಕವಿರಬೇಕು. ತಿಂಗಳ ಕೊನೆಗೆ ಒಂದೇ ಶಾಯಿಯಲ್ಲಿ ತುಂಬಿಸಿದ ಪುಟಗಳನ್ನು ಗುರುತಿಸುವುದು ಕಷ್ಟವೇನಲ್ಲ.

ಹಾಸಿಗೆ ಹಿಡಿದವರ ಕೋಣೆಯನ್ನು ತೋರಿಸಲು ಹಿಂದೇಟು ಹಾಕುವ ಕಡೆ ನಾನಂತೂ ನಮ್ಮವರನ್ನು ಸೇರಿಸುವುದಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಈಗ ಎಷ್ಟು ಮಂದಿಗೆ ಹಾಸಿಗೆ ಹುಣ್ಣಿದೆ ಎಂದು ನೇರವಾಗಿ ಕೇಳಿ.

ಉತ್ತರ: ಚಿಂತಾಮಣಿಯಿಂದ

ಕುಡಿಯುವ ನೀರನ್ನು ಮರೆಯಬೇಡಿ. ನಮ್ಮ ಭಾಗದ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿನ ಮೂಲವಿಲ್ಲದಾಗ ಗರಿಷ್ಠ 1.5. ‘ಕಾಯಿಸಿ ಕೊಡುತ್ತೇವೆ’ ಎಂದು ಹೇಳುವವರಿದ್ದಾರೆ, ಆದರೆ ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಪರೀಕ್ಷೆಯ ಇತ್ತೀಚಿನ ವರದಿಯನ್ನು ಕೇಳಿ.

ಮತ್ತೆ ಪ್ರಶ್ನೆ: ಮುಳಬಾಗಿಲಿನವರು

ಎಲ್ಲರಿಗೂ ಧನ್ಯವಾದ. ಒಂದು ಕಡೆ, ‘ಬಿದ್ದು ಪೆಟ್ಟಾದರೆ ಸಂಸ್ಥೆ ಹೊಣೆಯಲ್ಲ’ ಎಂಬ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಬಹುದೇ?

ಉತ್ತರ: ವಕೀಲರು, ತುಮಕೂರು

ಆ ಸಾಲನ್ನು ತೆಗೆಯುವಂತೆ ಕೇಳಿ. ತೆಗೆಯದಿದ್ದರೂ, ನಿರ್ಲಕ್ಷ್ಯದಿಂದಾದ ಹಾನಿಗೆ ಪರಿಹಾರ ಕೇಳುವ ಹಕ್ಕು ಅದೊಂದು ವಾಕ್ಯದಿಂದ ತಾನಾಗಿ ಹೋಗುವುದಿಲ್ಲ. ಹಣ ಪಡೆದು ಕೊಡುವ ಸೇವೆಯಾದ್ದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ರಸೀದಿಗಳು ಬೇಕು, ನಗದು ಕೊಟ್ಟು ಸುಮ್ಮನಾಗಬೇಡಿ. ಮುಂಗಡ ಹಣ ಯಾವಾಗ ಹಿಂದಿರುಗುತ್ತದೆ, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರಿರುತ್ತಾರೆ, ಬಿಡಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಕನ್ನಡದಲ್ಲಿ, ತಾಯಿಯವರೇ ಓದಿ ಸಹಿ ಮಾಡುವಂತಿರಲಿ. ಅವರ ಆಧಾರ್ ಮೂಲಪ್ರತಿ ಮತ್ತು ಬ್ಯಾಂಕ್ ಪುಸ್ತಕವನ್ನು ಆಶ್ರಮದವರ ವಶಕ್ಕೆ ಕೊಡಬೇಡಿ. ಹಿರಿಯರ ಸಹಾಯವಾಣಿ 14567 ಅನ್ನು ಅವರ ಮೊಬೈಲಿನಲ್ಲಿ ದಪ್ಪ ಅಕ್ಷರದಲ್ಲಿ ಸೇರಿಸಿಡಿ. ಅದಕ್ಕೆ ಕರೆ ಮಾಡಲು ಯಾರ ಅನುಮತಿಯೂ ಬೇಕಿಲ್ಲವೆಂದು ಸೇರಿಸುವ ದಿನವೇ ಆಶ್ರಮದ ಮೇಲ್ವಿಚಾರಕರ ಎದುರಿನಲ್ಲೇ ಅವರಿಗೆ ತಿಳಿಸಿ.