ಬೈಕು ಕೊಡಿಸುವ ಮೊದಲು ಬ್ರೇಕು ಕಲಿಸೋಣ

ಅಣ್ಣಾ, ಅತ್ತಿಗೆ, ನಿನ್ನೆ ರಾತ್ರಿ ನೀವಿಬ್ಬರೂ ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಆಡಿದ ಮಾತುಗಳನ್ನು ಈಗ ಸಮಾಧಾನವಾಗಿ ಕೇಳಿದೆ. ಮಗನಿಗೆ ಲೈಸೆನ್ಸ್ ಬಂದಿದೆ, ಕಾಲೇಜಿಗೆ ಹೋಗಿಬರಲು ಬೈಕು ಕೊಡಿಸಬಹುದೇ ಎಂದು ಅಣ್ಣ ಕೇಳಿದ್ದೀರಿ. ಅತ್ತಿಗೆಗೆ ಮನಸ್ಸೇ ಇಲ್ಲ. ಚಿಕ್ಕಪ್ಪನವರು, ಇದರಲ್ಲಿ ಕಲಿಯುವುದು ಏನಿದೆ, ನಾವೆಲ್ಲ ಅಣ್ಣತಮ್ಮಂದಿರ ಹಿಂದೆ ಕೂತು ನೋಡಿಯೇ ಕಲಿತವರು, ಹುಷಾರಾಗಿ ಓಡಿಸಿದರೆ ಆಯಿತು ಎಂದಿದ್ದಾರೆ. ನಾಲ್ಕು ಸಾಲಿನಲ್ಲಿ ಬರೆದು ಮುಗಿಸುವ ವಿಷಯವಲ್ಲವಾದ್ದರಿಂದ ಮಾತಿನಲ್ಲಿಯೇ ಉತ್ತರ ಕೊಡುತ್ತಿದ್ದೇನೆ. ಉದ್ದವಾಗುತ್ತದೆ, ಆದರೂ ದಯವಿಟ್ಟು ಪೂರ್ತಿ ಕೇಳಿ.

ನನ್ನ ಅಭಿಪ್ರಾಯ ಇಷ್ಟು: ಬೈಕು ಕೊಡಿಸಿ, ಆದರೆ ಅವನು ಗಾಡಿಯನ್ನು ನಿಲ್ಲಿಸುವುದನ್ನು ಕ್ರಮವಾಗಿ ಕಲಿಯುವವರೆಗೆ ದಟ್ಟಣೆಯ ರಸ್ತೆಗೆ ಬಿಡಬೇಡಿ. ಗಾಡಿ ಓಡಿಸುವುದು ಯಾರಿಗಾದರೂ ಎರಡು ದಿನದಲ್ಲಿ ಬರುತ್ತದೆ. ನಿಲ್ಲಿಸುವುದು ಹಾಗೆ ಬರುವುದಿಲ್ಲ. ಚಿಕ್ಕಪ್ಪನವರ ಅನುಭವಕ್ಕೆ ನಾನು ಗೌರವ ಕೊಡುತ್ತೇನೆ, ಆದರೂ ಅವರ ಮಾತಿಗೆ ಎದುರಾಗಿ ಒಂದು ಸಂಗತಿ ಹೇಳಲೇಬೇಕು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬ ಸಂಶೋಧಕರು ತಮ್ಮ ತಂಡದೊಂದಿಗೆ ಲಾಸ್ ಏಂಜಲೀಸ್ ಭಾಗದಲ್ಲಿ ನಡೆದ 900 ಬೈಕು ಅಪಘಾತಗಳ ಜಾಗಕ್ಕೇ ಹೋಗಿ, ಟೈರಿನ ಗುರುತು, ಗಾಡಿಯ ಸ್ಥಿತಿ, ಗಾಯದ ಸ್ವರೂಪ ಎಲ್ಲವನ್ನೂ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕಿದ ಆ ಸವಾರರಲ್ಲಿ 92 ಪ್ರತಿಶತ ಮಂದಿ ಯಾವ ತರಬೇತಿಯನ್ನೂ ಪಡೆಯದೆ ತಾವಾಗಿಯೇ ಕಲಿತವರು ಅಥವಾ ಮನೆಯವರಿಂದಲೋ ಸ್ನೇಹಿತರಿಂದಲೋ ಕಲಿತವರು. ಮನೆಯವರು ಕೆಟ್ಟದ್ದನ್ನು ಕಲಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕ್ಲಚ್ಚು, ಗೇರು, ಸಮತೋಲ ಬಂದ ಕೂಡಲೇ ಕಲಿಕೆ ಮುಗಿಯಿತು ಎಂದು ನಾವು ಕೈಬಿಡುತ್ತೇವೆ, ತೊಂದರೆ ಇರುವುದು ಅಲ್ಲಿ.

ಅದೇ ವರದಿಯ ಇನ್ನೊಂದು ಭಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಅಪಾಯ ಕಣ್ಣಿಗೆ ಬಿದ್ದ ಕ್ಷಣದಿಂದ ಡಿಕ್ಕಿಯಾಗುವವರೆಗೆ ಸವಾರನಿಗೆ ಸಾಮಾನ್ಯವಾಗಿ ಸಿಕ್ಕಿದ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಆ ಅವಧಿಯಲ್ಲಿ ಅನೇಕರು ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರ ಜಾರಿಸಿದರು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಲೇ ಇಲ್ಲ. ಎರಡು ಸೆಕೆಂಡಿನಲ್ಲಿ ಯಾರೂ ಯೋಚಿಸಿ ನಿರ್ಧರಿಸಲಾರರು. ಕೈಕಾಲುಗಳಿಗೆ ಮೊದಲೇ ರೂಢಿಯಾದದ್ದು ಮಾತ್ರ ಆಗ ಹೊರಬರುತ್ತದೆ. ಮುಂದಿನ ಬ್ರೇಕು ಹಿಡಿದರೆ ಬಿದ್ದುಬಿಡುತ್ತೀಯಾ ಎಂದು ಹೆದರಿಸಿ ಕಲಿಸಿದ ಹುಡುಗನ ಕೈ ಆ ಹೊತ್ತಿನಲ್ಲಿ ಮುಂದಿನ ಬ್ರೇಕಿನ ಮೇಲೆ ಹೋಗುವುದಿಲ್ಲ.

ಮಗೂ, ಇದು ನಿನಗೆ ಹೇಳುವ ಮಾತು, ಗಮನವಿಟ್ಟು ಕೇಳು. ಬ್ರೇಕು ಹಿಡಿದಾಗ ಗಾಡಿಯ ಮತ್ತು ನಿನ್ನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಮುಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ. ಅದಕ್ಕಾಗಿಯೇ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನಲ್ಲಿದೆ. ಆದರೆ ಆ ಭಾರ ಮುಂದಕ್ಕೆ ಬರಲು ಒಂದು ಕ್ಷಣ ಬೇಕು. ಲಿವರನ್ನು ಒಮ್ಮೆಲೇ ಗಬಕ್ಕನೆ ಹಿಡಿದರೆ ಭಾರ ಬರುವ ಮೊದಲೇ ಚಕ್ರ ತಿರುಗುವುದು ನಿಂತು, ಕಟ್ಟಿಕೊಂಡು ಜಾರುತ್ತದೆ. ಮೊದಲು ಮೃದುವಾಗಿ ಹಿಡಿದು, ಮುಂಭಾಗ ತಗ್ಗಿದ್ದು ಕೈಗೆ ತಿಳಿದ ಮೇಲೆ ಬಲವನ್ನು ಹೆಚ್ಚಿಸುತ್ತಾ ಹೋದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಎರಡೂ ಬ್ರೇಕು ಒಟ್ಟಿಗೆ, ಹ್ಯಾಂಡಲ್ ನೇರವಾಗಿ, ದೃಷ್ಟಿ ದೂರದಲ್ಲಿ. ನೋಟ ಎತ್ತ ನೆಟ್ಟಿರುತ್ತದೆಯೋ ಗಾಡಿಯೂ ಅತ್ತಲೇ ಸರಿಯುತ್ತದೆ. ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಇಳಿಯುತ್ತಾನೆ, ಆದ್ದರಿಂದ ತಪ್ಪಿಸಿಕೊಳ್ಳುವ ದಾರಿಯ ಮೇಲೆ ಕಣ್ಣಿರಲಿ. ತಿರುವಿನಲ್ಲಿ ಗಾಡಿ ವಾಲಿರುವಾಗ ಬ್ರೇಕಿಗೆ ಟೈರಿನಲ್ಲಿ ಉಳಿದಿರುವ ಹಿಡಿತ ಕಡಿಮೆ, ಹಾಗಾಗಿ ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು. ಎರಡು ಟೈರೂ ಸೇರಿ ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟುತ್ತಿರುವ ಜಾಗ ಸುಮಾರು ಎರಡು ಅಂಗೈಯಷ್ಟು. ನಿಲ್ಲುವುದು, ವಾಲುವುದು, ಮುನ್ನುಗ್ಗುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು.

ಅಣ್ಣಾ, ಯಾವ ಬೈಕು ಎಂದು ಕೇಳಿದ್ದಿರಲ್ಲ, ನಾನು ಕೇಳಿಕೊಳ್ಳುವುದು ಎಬಿಎಸ್, ಅಂದರೆ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ಇರುವ ಗಾಡಿಯನ್ನೇ ತೆಗೆದುಕೊಳ್ಳಿ ಎಂದು. ಬೈಕುಗಳಲ್ಲಿ ಇದನ್ನು ಮೊದಲು ತಂದದ್ದು ಬಿಎಂಡಬ್ಲ್ಯೂ, 1988ರಲ್ಲಿ. ಚಕ್ರ ಕಟ್ಟಿಕೊಳ್ಳುವ ಸೂಚನೆ ಸಿಕ್ಕ ಕೂಡಲೇ ಅದು ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಹಿಡಿಯುತ್ತದೆ, ಗಾಬರಿಯಲ್ಲಿ ಹಿಡಿದ ಬ್ರೇಕೂ ಸವಾರನನ್ನು ಸುಲಭವಾಗಿ ಕೆಡವುವುದಿಲ್ಲ. ಇಂಜಿನ್ನಿನ ಗಾತ್ರಕ್ಕೆ, ಬಣ್ಣಕ್ಕೆ, ನೋಟಕ್ಕೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಮೇಲು. ಮೊದಲ ಗಾಡಿ ಹಗುರಾಗಿರಲಿ, ಕೂತಾಗ ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರುವಂತಿರಲಿ.

ವೇಗದ ವಿಷಯದಲ್ಲಿ ನಾನು ಹೇಳುವುದು ಬುದ್ಧಿವಾದವಲ್ಲ, ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ, 60ರಲ್ಲಿ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕಿಗೆ ಕೈ ಹಾಕುವುದಕ್ಕೆ ಒಂದು ಸೆಕೆಂಡ್ ಹಿಡಿದರೂ ಅಷ್ಟು ದೂರ ಬ್ರೇಕಿಲ್ಲದೆಯೇ ಕಳೆದುಹೋಗಿರುತ್ತದೆ. ಆಮೇಲೆ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಒಣಗಿದ ಒಳ್ಳೆಯ ರಸ್ತೆಯಲ್ಲಿ 40ರಲ್ಲಿ ಬಂದವನು ಒಟ್ಟು ಇಪ್ಪತ್ತೊಂದು ಮೀಟರಿನಲ್ಲಿ ನಿಂತ ಎಂದುಕೊಳ್ಳೋಣ. ಅಷ್ಟೇ ಚುರುಕಾಗಿ, ಅಷ್ಟೇ ಚೆನ್ನಾಗಿ ಬ್ರೇಕು ಹಿಡಿದರೂ 60ರಲ್ಲಿ ಬಂದವನು ಅದೇ ಜಾಗದಲ್ಲಿ ಇನ್ನೂ 50 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತಾನೆ. ಒಬ್ಬನು ಸುಮ್ಮನೆ ನಿಂತು ಉಸಿರು ಬಿಡುವ ಜಾಗದಲ್ಲಿ ಇನ್ನೊಬ್ಬನು ಹೆಚ್ಚುಕಡಿಮೆ ಪೂರ್ತಿ ವೇಗದಲ್ಲಿ ಗುದ್ದುತ್ತಾನೆ. ಮುಂದಿನ ವಾಹನಕ್ಕೂ ನಿನಗೂ ನಡುವೆ ಕನಿಷ್ಠ ಎರಡು ಸೆಕೆಂಡಿನ ಅಂತರ ಬೇಕು ಎನ್ನುವುದು ಇದಕ್ಕಾಗಿ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀನು ಅದೇ ಕಂಬವನ್ನು ತಲುಪುವವರೆಗೆ ಎಣಿಸಿದರೆ ತಿಳಿಯುತ್ತದೆ. ಮಳೆಯಲ್ಲಿ ಅಂತರ ಅದಕ್ಕೆ ಎರಡರಷ್ಟಿರಲಿ. ಬಹಳ ದಿನಗಳ ಮೇಲೆ ಬೀಳುವ ಮಳೆಯ ಮೊದಲ ಹನಿಗಳು ರಸ್ತೆಯ ಎಣ್ಣೆ ಮತ್ತು ಧೂಳನ್ನು ಮೇಲೆಬ್ಬಿಸಿ ಜಾರಿಸುತ್ತವೆ. ರಸ್ತೆಗೆ ಬಳಿದ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳಗಳು ಒದ್ದೆಯಾದಾಗ ಇನ್ನೂ ಕೆಟ್ಟವು.

ಅತ್ತಿಗೆ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅವನು ಸರಿಯಾಗಿ ಹೋದರೂ ಎದುರಿನವರು ಬಂದು ಗುದ್ದಿದರೆ ಏನು ಮಾಡುವುದು ಎಂದು ಕೇಳಿದಿರಿ. ಅದು ನ್ಯಾಯವಾದ ಪ್ರಶ್ನೆ. ಆಗ ಹೇಳಿದ ವರದಿಯ ಪ್ರಕಾರ, ಬೈಕು ಮತ್ತು ಬೇರೆ ವಾಹನಗಳ ನಡುವಿನ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು, ಬೇರೆ ವಾಹನದವನು ಬೈಕಿಗೆ ಬಿಡಬೇಕಾದ ದಾರಿಯನ್ನು ಬಿಡದೆ ಅಡ್ಡ ನುಗ್ಗಿದ್ದರಿಂದಲೇ ಆದವು. ಅವರಲ್ಲಿ ಅನೇಕರು ಬೈಕನ್ನು ಕಾಣಲೇ ಇಲ್ಲ ಎಂದು ಹೇಳಿದ್ದು ಸುಳ್ಳಲ್ಲ. ಎದುರಿನಿಂದ ನೋಡುವವರಿಗೆ ಬೈಕು ತೀರಾ ಕಿರಿದಾದ ವಸ್ತು. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬವೊಂದೇ ಅದನ್ನು ಪೂರ್ತಿ ಮರೆಮಾಡಬಲ್ಲದು. ನೇರವಾಗಿ ಹತ್ತಿರ ಬರುತ್ತಿರುವ ಸಣ್ಣ ವಸ್ತು ಕೊನೆಯ ಕ್ಷಣದವರೆಗೂ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲವಾದ್ದರಿಂದ, ಕಂಡವರೂ ಅದು ಇನ್ನೂ ದೂರದಲ್ಲಿದೆ ಎಂದು ಭಾವಿಸುತ್ತಾರೆ.

ಹಾಗಾದರೆ ಸವಾರನ ಕೈಯಲ್ಲಿ ಏನೂ ಇಲ್ಲವೇ? ಇದೆ, ಸಾಕಷ್ಟು ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ಭಾಗದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಳೆಯುವ ಅಥವಾ ಬೆಳಕನ್ನು ಹಿಂತಿರುಗಿಸುವ ಬಟ್ಟೆ ತೊಟ್ಟ ಸವಾರರಿಗೆ ಗಾಯವಾಗುವ ಸಂಭವ 37 ಪ್ರತಿಶತ ಕಡಿಮೆ ಇತ್ತು. ಕಪ್ಪು ಹೆಲ್ಮೆಟ್ಟಿನವರಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ಟಿನವರಿಗೆ 24 ಪ್ರತಿಶತ ಕಡಿಮೆ. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಲಿ. ಅಡ್ಡರಸ್ತೆ ಬಂದಾಗ ದಾರಿ ನನ್ನದೇ ಎಂಬ ನಂಬಿಕೆಯಲ್ಲಿ ಹೋಗದೆ, ಎಕ್ಸಲರೇಟರ್ ಬಿಟ್ಟು ಎರಡು ಬೆರಳು ಬ್ರೇಕಿನ ಮೇಲಿಟ್ಟುಕೊಂಡು ದಾಟಬೇಕು. ಬೆರಳು ಅಲ್ಲಿದ್ದರೆ ಅರ್ಧ ಸೆಕೆಂಡ್ ಉಳಿಯಬಹುದು. ಎರಡು ಸೆಕೆಂಡಿನಲ್ಲಿ ಅದು ದೊಡ್ಡ ಪಾಲು. ಕಾಯುತ್ತಿರುವ ಕಾರಿನ ಚಾಲಕ ನಿನ್ನ ಕಡೆ ನೋಡುತ್ತಿದ್ದಾನೆ ಎಂದು ಸಮಾಧಾನಪಡಬೇಡ, ಕಾರಿನ ಮುಂದಿನ ಚಕ್ರವನ್ನು ಗಮನಿಸು, ಅದು ಹೊರಟದ್ದು ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಲಾರಿ ಅಥವಾ ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುತ್ತಿಲ್ಲ. ಅವು ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗಿನ ದಾರಿ ಹಿಡಿಯುವುದರಿಂದ ಒಳಬದಿಯ ಸಂದಿನಲ್ಲಿ ಯಾವ ಕಾರಣಕ್ಕೂ ನುಗ್ಗಬಾರದು.

ಹೆಲ್ಮೆಟ್ಟಿನ ಮಾತನ್ನು ಈ ಗುಂಪಿನಲ್ಲಿ ಯಾರಾದರೂ ತೆಗೆದಾಗಲೆಲ್ಲ ದಂಡದ ಮಾತೂ ಜೊತೆಗೇ ಬರುತ್ತದೆ, ಅದು ನನಗೆ ಬೇಸರ ತರಿಸುತ್ತದೆ. ಹೆಲ್ಮೆಟ್ಟಿನ ಹಿಂದೆ ಒಬ್ಬ ವೈದ್ಯರ ವರ್ಷಗಳ ಶ್ರಮ ಇದೆ. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಬ್ರಿಟಿಷ್ ಸೈನಿಕ, ಲೇಖಕ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದರು; ತಲೆಗೆ ರಕ್ಷಣೆ ಇರಲಿಲ್ಲ, ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ಉಳಿಸಲು ಯತ್ನಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರೂ ಇದ್ದರು. ಅವರು ಸೇನೆಯ ಬೈಕು ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಮಹತ್ವದ ಬಗ್ಗೆ ಪ್ರಬಂಧ ಪ್ರಕಟಿಸಿದರು, ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ನಂತರದ ದಶಕಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರಿಶೀಲನೆಯ ಪ್ರಕಾರ, ಹೆಲ್ಮೆಟ್ ಅಪಘಾತದಲ್ಲಿ ಸಾವಿನ ಸಂಭವವನ್ನು ಸುಮಾರು 42 ಪ್ರತಿಶತ, ತಲೆಗಾಯದ ಸಂಭವವನ್ನು ಸುಮಾರು 69 ಪ್ರತಿಶತ ತಗ್ಗಿಸುತ್ತದೆ.

ಆದರೆ ಅದು ತಲೆಯ ಮೇಲೆ ಉಳಿದರೆ ಮಾತ್ರ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ಹಾರಿಹೋಗುತ್ತದೆ. ಹೊರಗಿನ ಗಟ್ಟಿ ಕವಚಕ್ಕಿಂತ ಒಳಗಿನ ಥರ್ಮೋಕೋಲ್ ಪದರ ಮುಖ್ಯವಾದದ್ದು. ಪೆಟ್ಟು ಬಿದ್ದಾಗ ಅದು ನಜ್ಜುಗುಜ್ಜಾಗುತ್ತಾ ತಲೆ ನಿಲ್ಲುವ ವೇಳೆಯನ್ನು ಕೊಂಚ ಹಿಗ್ಗಿಸಿ ಮೆದುಳನ್ನು ಉಳಿಸುತ್ತದೆ. ಒಮ್ಮೆ ನಜ್ಜಾದದ್ದು ಮೊದಲಿನಂತೆ ಆಗುವುದಿಲ್ಲ, ಆದ್ದರಿಂದ ಅಪಘಾತ ಕಂಡ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಬೇಕು. ಯಾರೋ ಬಳಸಿಬಿಟ್ಟದ್ದನ್ನು ತೆಗೆದುಕೊಳ್ಳಬಾರದು ಎನ್ನುವುದೂ ಇದಕ್ಕೇ.

ಗಾಡಿಯ ಆರೈಕೆಯನ್ನು ಚಿಕ್ಕಪ್ಪನವರು ನನಗಿಂತ ಚೆನ್ನಾಗಿ ಕಲಿಸುತ್ತಾರೆ. ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಕೈಪಿಡಿ ಹೇಳಿದ ಅವಧಿಗೆ ಬದಲಿಸಬೇಕು. ಸೈಡ್ ಸ್ಟ್ಯಾಂಡ್ ಎತ್ತುವುದನ್ನು, ತಿರುಗಿದ ಮೇಲೆ ಇಂಡಿಕೇಟರ್ ಆರಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಕುಡಿದು ಓಡಿಸುವ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆಯೇ ಬೇಡ. ಆದರೆ ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ತೂಕಡಿಕೆ ತರುತ್ತವೆ ಎಂಬುದು ನೆನಪಿರಲಿ.

ಮಗೂ, ಮೊದಲ ಕೆಲವು ತಿಂಗಳು ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡ, ಸ್ನೇಹಿತರು ಎಷ್ಟೇ ಒತ್ತಾಯಿಸಲಿ. ಇನ್ನೊಬ್ಬರ ಭಾರ ಸೇರಿದಾಗ ನಿಲ್ಲುವ ದೂರ, ತಿರುಗುವ ರೀತಿ, ಹ್ಯಾಂಡಲ್ಲಿನ ಹಗುರ ಎಲ್ಲವೂ ಬದಲಾಗುತ್ತವೆ. ಮುಂದೊಂದು ದಿನ ಯಾರನ್ನಾದರೂ ಹಿಂದೆ ಕೂರಿಸಿಕೊಂಡಾಗ ಅವರಿಗೂ ಹೆಲ್ಮೆಟ್ ಇರಬೇಕು, ಹಾರಾಡುವ ಬಟ್ಟೆಯ ಅಂಚು ಚಕ್ರದ ಹತ್ತಿರ ಇರಬಾರದು, ತಿರುವಿನಲ್ಲಿ ಅವರು ನೀನು ವಾಲಿದ ಕಡೆಗೇ ವಾಲಬೇಕು. ಮತ್ತೆ, ಬೈಕಿನವನೂ ಬೇರೆಯವರಿಗೆ ಅಪಾಯವೇ ಎಂಬುದನ್ನು ಮರೆಯಬೇಡ. ಕಾಲುದಾರಿಯ ಮೇಲೆ ಗಾಡಿ ಹತ್ತಿಸುವುದು, ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರುವುದು, ರಸ್ತೆ ದಾಟುತ್ತಿರುವ ಮುದುಕರಿಗೆ ಹಾರ್ನ್ ಹೊಡೆದು ಓಡಿಸುವುದು, ಇವುಗಳಲ್ಲಿ ಒಂದನ್ನು ನೀನು ಮಾಡಿದ್ದು ತಿಳಿದರೂ ನನಗೆ ನಿಜವಾಗಿ ನೋವಾಗುತ್ತದೆ.

ಇನ್ನು ನಮ್ಮೆಲ್ಲರ ಪಾಲಿನ ಜವಾಬ್ದಾರಿ. ಅವನು ಮನೆಯಿಂದ ಹೊರಟ ಮೇಲೆ ತಲುಪುವವರೆಗೆ ಈ ಗುಂಪಿನ ಯಾರೂ ಅವನಿಗೆ ಫೋನ್ ಮಾಡಬಾರದು. ಎಲ್ಲಿದ್ದೀಯಾ, ಯಾಕೆ ತಡ ಎಂದು ನಾವು ಪ್ರೀತಿಯಿಂದಲೇ ಕೇಳುತ್ತೇವೆ, ಆದರೆ ಜೇಬಿನಲ್ಲಿ ಮೊಳಗುವ ಫೋನು ಅವನ ಗಮನವನ್ನು ರಸ್ತೆಯಿಂದ ಕೀಳುತ್ತದೆ. ತಲುಪಿದ ಮೇಲೆ ಅವನೇ ಸಂದೇಶ ಹಾಕಲಿ. ಬರುವಾಗ ಬೇಗ ಬಾ ಎಂದು ಹೇಳುವುದನ್ನೂ ನಿಲ್ಲಿಸೋಣ. ತಡವಾದರೆ ಯಾರೂ ಬಯ್ಯುವುದಿಲ್ಲ ಎಂಬ ಭರವಸೆ ಅವನಿಗೆ ಇರಬೇಕು, ಅತ್ತಿಗೆ, ಅದನ್ನು ನೀವೇ ಅವನಿಗೆ ಬಾಯಿಬಿಟ್ಟು ಹೇಳಿ.

ತರಬೇತಿ ಕೊಡುವವರು ಹತ್ತಿರದಲ್ಲಿದ್ದರೆ ಅಲ್ಲಿಗೇ ಸೇರಿಸಿ. ಅದು ಸಿಗುವವರೆಗೆ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ನಾನು ಜೊತೆಗಿರುತ್ತೇನೆ. ಗಟ್ಟಿ ನೆಲದ ಮೇಲೆ, ಮೊದಲು ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಿಲ್ಲಿಸುವುದು, ಅದು ಕೈಗೆ ಕೂತ ಮೇಲೆ 30, ಆಮೇಲೆ 40. ಚಿಕ್ಕಪ್ಪನವರೂ ಬಂದರೆ ನನಗೆ ಸಂತೋಷ, ಅವರ ಕಣ್ಣಿಗೆ ಬೀಳುವ ತಪ್ಪು ನನ್ನ ಕಣ್ಣಿಗೆ ಬೀಳುವುದಿಲ್ಲ. ಹೆಲ್ಮೆಟ್ ನನ್ನ ಕಡೆಯಿಂದ. ಮಗೂ, ಇವತ್ತೇ ಟೇಪು ತೆಗೆದುಕೊಂಡು ಹುಬ್ಬಿನ ಸ್ವಲ್ಪ ಮೇಲಿನಿಂದ, ಕಿವಿಯ ಮೇಲಾಗಿ, ತಲೆಯ ಹಿಂಭಾಗದ ಉಬ್ಬಿನವರೆಗೆ ಸುತ್ತಿ ಅಳೆದು, ಎಷ್ಟು ಸೆಂಟಿಮೀಟರ್ ಬಂತೆಂದು ಇಲ್ಲಿಯೇ ಬರೆದು ಹಾಕು. ಅಂಗಡಿಗೆ ಇಬ್ಬರೂ ಸೇರಿಯೇ ಹೋಗೋಣ, ತೊಟ್ಟು ನೋಡದೆ ತೆಗೆದುಕೊಳ್ಳುವುದು ಬೇಡ.