ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಕನ್ನಡ ಓದೋಕೆ ಯಾವ ಪುಸ್ತಕ ಕೊಡಲಿ?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಕುಂದಾಪುರದ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡವೇ ಮಾತಾಡೋದು, ಕಥೆ ಹೇಳಿದರೆ ಎಷ್ಟು ಹೊತ್ತು ಬೇಕಾದರೂ ಕೂತು ಕೇಳುತ್ತಾಳೆ. ಆದರೆ ಓದೋಕೆ ಬರುವುದಿಲ್ಲ. ಊರಿಂದ ತಂದ ವರ್ಣಮಾಲೆ ಪುಸ್ತಕ ಒಂದಿದೆ. ಅದರಲ್ಲಿ ಠ ಅಂದರೆ ಠಸ್ಸೆ, ಢ ಅಂದರೆ ಢಕ್ಕೆ. ಇವೆರಡನ್ನೂ ಅವಳು ಕಂಡೂ ಇಲ್ಲ, ಕೇಳಿಯೂ ಇಲ್ಲ, ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಬಿಡುತ್ತಾಳೆ. ಶಾಲೆಯಲ್ಲಿ ಮರಾಠಿ ಬೇರೆ ಶುರುವಾಗಿದೆ. ಎರಡು ಲಿಪಿ ಒಟ್ಟಿಗೆ ಕಲಿತರೆ ಗೊಂದಲ ಆಗುತ್ತಾ? ಯಾವ ಪುಸ್ತಕದಿಂದ ಶುರು ಮಾಡಲಿ, ದಯವಿಟ್ಟು ಹೇಳಿ.

ವಡಾಲ ಟೀಚರ್:
ವರ್ಣಮಾಲೆ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ ಅಮ್ಮ. ಅದು ಕೆಟ್ಟ ಪುಸ್ತಕ ಅಂತಲ್ಲ, ಓದು ಶುರು ಮಾಡೋಕೆ ಅದು ದಾರಿಯಲ್ಲ. ಅ ಇಂದ ಳ ವರೆಗೆ 49 ಅಕ್ಷರ ಮುಗಿಸಿ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ, ಅದೆಲ್ಲ ಆದಮೇಲೆ ಕಥೆ ಅಂತ ಕೂತರೆ ಮಗುವಿಗೆ ಓದಿನ ರುಚಿ ಸಿಗುವ ಹೊತ್ತಿಗೆ ಉತ್ಸಾಹವೇ ಇಳಿದಿರುತ್ತದೆ.

ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ರ ಗ ಸ ದ ಅ, ಜ ವ ಮ ಬ ನ ಅನ್ನೋ ಕ್ರಮ ನೆನಪಿರುತ್ತದೆ. ಬರೆಯೋಕೆ ಸುಲಭ, ಜೊತೆಗೆ ಕೂಡಲೇ ಪದ ಆಗುವ ಅಕ್ಷರಗಳು. ಮೊದಲ ಐದು ಬಂದರೆ ಸಾಕು, ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಇನ್ನೈದು ಸೇರಿಸಿ: ಮರ, ಜನ, ನಗರ, ಅರಸನ ಮಗ, ಅಗಸನ ಸರ. ಹತ್ತೇ ಅಕ್ಷರದಲ್ಲಿ ಅವಳು ಎರಡು ಪದ ಕೂಡಿಸಿ ಓದಿ ಅರ್ಥ ಮಾಡಿಕೊಂಡಾಗಿರುತ್ತದೆ. ಆಮೇಲೆ ಆ ಕಾರ ಒಂದನ್ನೇ ಹಿಡಿಯಿರಿ. ರಾಮ ಬಾ, ಮಾವ ಬಾ. ಕಾಗುಣಿತದ ಇಡೀ ಸಾಲನ್ನು ಬಾಯಿಪಾಠ ಮಾಡಿಸೋಕೆ ಹೋಗಬೇಡಿ.

ಅಂಗಡಿಯಲ್ಲಿ ಪುಸ್ತಕ ಆರಿಸುವಾಗ ಒಂದು ಪುಟ ತೆಗೆದು ಸಾಲುಗಳ ಮಧ್ಯೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ. ನಮ್ಮ ಒತ್ತಕ್ಷರ ಕೆಳಗೆ ಬರೋದು. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಮಗುವಿಗೆ ಯಾವುದು ಯಾವುದರದ್ದು ಅಂತಲೇ ತಿಳಿಯುವುದಿಲ್ಲ. ದೊಡ್ಡ ಅಕ್ಷರ, ಪುಟಕ್ಕೆ ಒಂದೋ ಎರಡೋ ಸಾಲು, ಒಂದೇ ಪದ ಮತ್ತೆ ಮತ್ತೆ ಬರಬೇಕು. ಕನ್ನಡ ಪದದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಕೊಟ್ಟ ಪುಸ್ತಕ ಮಾತ್ರ ಬೇಡವೇ ಬೇಡ. ಇಂಗ್ಲಿಷ್ ಓದೋಕೆ ಬರುವ ಮಗುವಿನ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

ಠಾಣೆ ಅಪ್ಪ:
ಟೀಚರ್ ಹೇಳಿದ್ದು ಸರಿ, ಆದರೆ ಅಕ್ಷರ ಕಲಿಯೋವರೆಗೂ ಕಥೆ ಪುಸ್ತಕ ಕಾಯಬೇಕಾಗಿಲ್ಲ, ಎರಡೂ ಜೊತೆಜೊತೆಗೆ ಹೋಗಲಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅಂತ ವೆಬ್‌ಸೈಟ್ ಇದೆ. ಕನ್ನಡ ಕಥೆ ಬೇಕಾದಷ್ಟಿವೆ, ಎಲ್ಲ ಫ್ರೀ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ನಾಲ್ಕು ಲೆವೆಲ್ ಇದೆ. ಒಂದನೇ ಲೆವೆಲ್‌ನಲ್ಲಿ ಇಡೀ ಕಥೆಗೆ 250 ಪದ ದಾಟುವುದಿಲ್ಲ, ಎಷ್ಟೋ ಕಥೆಗಳಲ್ಲಿ ಪುಟಕ್ಕೆ ಒಂದೇ ವಾಕ್ಯ. ಎರಡನೇ ಲೆವೆಲ್ 600 ಪದದವರೆಗೆ. ನಿಮ್ಮ ಮಗಳಿಗೆ ಒಂದನೆಯದು ಸಾಕು. ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ತೆಗೆದು ಪಿನ್ ಹೊಡೆದು ಕೈಗೆ ಕೊಡಿ. ಬೆರಳಿಟ್ಟು ಓದೋಕೆ ಹೋದರೆ ಸ್ಕ್ರೀನಿನಲ್ಲಿ ಪುಟ ಸರಿದುಬಿಡುತ್ತದೆ.

ನಾವು ಮಾಡೋದು ಹೀಗೆ: ಮೊದಲು ನಾನು ಪದದ ಕೆಳಗೆ ಬೆರಳು ಸರಿಸುತ್ತಾ ಓದುತ್ತೇನೆ, ಮತ್ತೆ ಇಬ್ಬರೂ ಒಟ್ಟಿಗೆ, ಮತ್ತೆ ಅವನೊಬ್ಬನೇ. ಬಾಯಿಪಾಠ ಆಗಿ ಹೇಳುತ್ತಾನಲ್ಲ, ಓದುತ್ತಿಲ್ಲವಲ್ಲ ಅಂತ ಬೇಸರ ಬೇಡ. ಬಾಯಿಗೆ ಬರುವ ಸಾಲನ್ನೇ ಕಣ್ಣಲ್ಲಿ ಹುಡುಕುತ್ತಾ ಮಕ್ಕಳು ಪದ ಗುರುತು ಹಿಡಿಯುತ್ತಾರೆ. ಅದಕ್ಕೇ ಪದ್ಯಗಳು ತುಂಬಾ ಒಳ್ಳೆಯದು. ನೀವು ಕರಾವಳಿಯವರು, ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮಕ್ಕಳ ಪದ್ಯ ಮನೆಯ ಹಿರಿಯರ ಬಾಯಲ್ಲಿ ಇದ್ದೇ ಇರುತ್ತದೆ. ಅವರು ಹೇಳುತ್ತಾ ಹೋಗಲಿ, ನೀವು ದಪ್ಪ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದುಕೊಳ್ಳಿ.

ಪುಣೆ ಕನ್ನಡತಿ:
ಮರಾಠಿ ಬಗ್ಗೆ ಹೆದರಬೇಡಿ ಅಕ್ಕ. ಮಹಾರಾಷ್ಟ್ರದಲ್ಲಿ 2020ರ ಕಾನೂನು ಬಂದಮೇಲೆ ಎಲ್ಲ ಶಾಲೆಯಲ್ಲೂ ಮರಾಠಿ ಕಡ್ಡಾಯ, ಹಾಗಾಗಿ ಇಲ್ಲಿನ ನಮ್ಮ ಮಕ್ಕಳೆಲ್ಲ ಇದೇ ದಾರಿಯಲ್ಲಿ ಬರುವವರೇ. ನಿಜ ಹೇಳಬೇಕಂದರೆ ಅದರಿಂದ ಸಹಾಯವೇ ಜಾಸ್ತಿ. ಎರಡೂ ಲಿಪಿಯಲ್ಲಿ ಅಕ್ಷರದ ಕ್ರಮ ಹೆಚ್ಚುಕಡಿಮೆ ಒಂದೇ, ವ್ಯಂಜನಕ್ಕೆ ಸ್ವರದ ಚಿಹ್ನೆ ಸೇರಿಸುವ ಲೆಕ್ಕಾಚಾರವೂ ಒಂದೇ. ಒಂದರಲ್ಲಿ ತಲೆಗೆ ಹೋದರೆ ಇನ್ನೊಂದರಲ್ಲಿ ಆಕಾರ ಮಾತ್ರ ಹೊಸದು.

ಎಡವುವ ಜಾಗ ಒಂದಿದೆ. ಮರಾಠಿಯಲ್ಲಿ ಎ, ಏ ಅಂತ ಬೇರೆ ಬೇರೆ ಅಕ್ಷರ ಇಲ್ಲ, ಒ, ಓ ಕೂಡ ಹಾಗೆಯೇ. ಆದ್ದರಿಂದ ನಮ್ಮ ಮಕ್ಕಳು ಎಲೆಯನ್ನು ಏಲೆ ಅಂತ ಓದುತ್ತಾರೆ, ಬೆಳೆಗೂ ಬೇಳೆಗೂ ವ್ಯತ್ಯಾಸ ನೋಡುವುದಿಲ್ಲ. ತಿದ್ದಿ ತಿದ್ದಿ ಬೇಸರ ಮಾಡಿಸಬೇಡಿ. ಕೆರೆ ಅಂತ ಒಂದು ಚೀಟಿ, ಕೇರೆ ಹಾವಿನ ಚಿತ್ರ ಬರೆದು ಇನ್ನೊಂದು ಚೀಟಿ. ಹಾಗೇ ಕೊಡು, ಕೋಡು. ಮಾತಿನಲ್ಲಿ ಅವಳಿಗೆ ವ್ಯತ್ಯಾಸ ಗೊತ್ತೇ ಇದೆ, ಕಣ್ಣಿಗೆ ಮಾತ್ರ ಅಭ್ಯಾಸ ಆಗಬೇಕು.

ಇನ್ನೊಂದು ವಿಷಯ, ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ಪುಣೆಯ ಬಾಲಭಾರತಿ, ಅದೇ 1967ರಿಂದ ಮಹಾರಾಷ್ಟ್ರದ ಪಠ್ಯಪುಸ್ತಕ ಮಾಡುವ ಸಂಸ್ಥೆ, ಕನ್ನಡದಲ್ಲೂ ಪುಸ್ತಕ ತರುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಕನ್ನಡ ಶಾಲೆಗಳಿವೆಯಲ್ಲ, ಅವರಿಗಾಗಿ. ಒಂದನೇ ಇಯತ್ತೆಯ ಕನ್ನಡ ಪುಸ್ತಕದ ಪಿಡಿಎಫ್ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಡೊಂಬಿವಲಿ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಲಭಾರತಿ ವಿಷಯ ನನಗೆ ಗೊತ್ತೇ ಇರಲಿಲ್ಲ. ರಾತ್ರಿ ರಗಸದಅ ಚೀಟಿ ಮಾಡಿದೆ, ಗರಗಸ ಅಂತ ಜೋಡಿಸಿ ಓದಿ ಅಪ್ಪನಿಗೆ ತೋರಿಸೋಕೆ ಓಡಿದಳು. ಟೀಚರ್, ಒತ್ತಕ್ಷರ ಯಾವಾಗ ಶುರು ಮಾಡಬೇಕು? ಕಥೆ ಪುಸ್ತಕದಲ್ಲಿ ಅವು ಬಂದೇ ಬರುತ್ತವಲ್ಲ.

ವಡಾಲ ಟೀಚರ್:
ಬಹಳ ಸಂತೋಷ! ಕಥೆಯಲ್ಲಿ ಒತ್ತಕ್ಷರ ಬಂದಾಗ ಆ ಪದವನ್ನು ನೀವೇ ಓದಿಬಿಡಿ, ನಿಲ್ಲಿಸಬೇಡಿ. ಕಲಿಸುವಾಗ ಸಜಾತಿ ಒತ್ತಿನಿಂದ ಶುರು ಮಾಡಿ, ಅದೂ ಮನೆಯವರಿಂದಲೇ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಇವಕ್ಕೆ ಕಾಗುಣಿತವೂ ಬೇಡ, ಈಗಲೇ ತೋರಿಸಬಹುದು. ಅಪ್ಪ, ಅಜ್ಜ, ಅಣ್ಣ ಸುಲಭ, ಒತ್ತು ಮೇಲಿನ ಅಕ್ಷರದ ಹಾಗೇ ಕಾಣುತ್ತದೆ. ಮ, ನ, ತ, ಲ, ಯ, ರ ಇವುಗಳ ಒತ್ತಿನ ಆಕಾರ ಬೇರೆ, ಅವನ್ನು ಒಂದೊಂದಾಗಿ ತೋರಿಸಿ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ, ಯಾಕಂದರೆ ಅದನ್ನು ಬರೆಯೋದು ಅಕ್ಷರದ ಆಮೇಲೆ, ಓದೋದು ಮೊದಲು. ಒಂದನೇ ಕ್ಲಾಸಿನಲ್ಲಿ ಅದರ ಗೊಡವೆಯೇ ಬೇಡ.